ಚಿಕ್ಕಪ್ಪ ಹಾಕಿದ ಚಾಕುವಿನ ಫೋಟೋ

ಚಿಕ್ಕಪ್ಪ: ಫೋಟೋ ನೋಡ್ರಪ್ಪ. ಜೇಬಿಗೆ ಹಾಕಿಕೊಳ್ಳುವ ಮಡಚೋ ಚಾಕು. ಒಬ್ಬನೇ ಮನುಷ್ಯ, ಒಂದೇ ಶೆಡ್ಡು, ಪೂರ್ತಿ ಕೈಕೆಲಸ. ಏಳು ತಿಂಗಳು ಕಾಯಬೇಕಂತೆ. ನಾನಂತೂ ಒಂದು ಮಾಡಿಕೊಡೋಕೆ ಹೇಳಿದ್ದೇನೆ, ಇನ್ನು ಯಾರಿಗೆ ಬೇಕು?

ಭಾವ: ಏಳು ತಿಂಗಳಾ! ಮಾವ, ಕಾರ್ಖಾನೆ ಚಾಕು ನಾಳೆಯೇ ಮನೆಗೆ ಬರುತ್ತದೆ. ಉಕ್ಕು ಅದೇ. ಸುಮ್ನೆ ಕೈಕೆಲಸ ಅನ್ನೋ ಹೆಸರಿಗೆ ಜಾಸ್ತಿ ದುಡ್ಡು.

ದೊಡ್ಡಮ್ಮ: ಹಿಡಿ ಚೆನ್ನಾಗಿದೆ. ಯಾವ ಮರ?

ನಾನು: ಭಾವ, ಉಕ್ಕು ಅದೇ ಇರಬಹುದು, ಹದ ಅದೇ ಇರಲ್ಲ. ಇವರು ಬಳಸೋದು 1095 ಅನ್ನೋ ಥರದ ಉಕ್ಕು, ಅಂದರೆ ಅದರಲ್ಲಿ ಕಾರ್ಬನ್ ಸುಮಾರು ಶೇ 0.95. ಅದನ್ನು 800 ಡಿಗ್ರಿ ಆಸುಪಾಸಿಗೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಾಜಿನ ಥರ ಗಡುಸಾಗುತ್ತದೆ, ಕೈಜಾರಿ ಬಿದ್ದರೆ ಮುರಿದರೂ ಮುರಿಯಿತು, ಆಮೇಲೆ 200 ಡಿಗ್ರಿ ಹತ್ತಿರ ಒಂದೆರಡು ಗಂಟೆ ಮತ್ತೆ ಕಾಯಿಸಿ ಹದಕ್ಕೆ ತರಬೇಕು. ಶಾಖ ಜಾಸ್ತಿಯಾದರೆ ಅಲಗು ಬೇಗ ಮೊಂಡಾಗುತ್ತದೆ. ಕಮ್ಮಿಯಾದರೆ ಅಂಚು ಚಕ್ಕೆ ಏಳುತ್ತದೆ.

ಭಾವ: ನಾನೂ ಅದನ್ನೇ ಹೇಳಿದ್ದು. ಕಾರ್ಖಾನೆಯಲ್ಲಿ ಶಾಖ ನೋಡಿಕೊಳ್ಳೋದು ಕಂಪ್ಯೂಟರ್. ನಿಮ್ಮ ಶೆಡ್ಡಿನವನು ಅಯಸ್ಕಾಂತ ಹಿಡಿದು ಅಂಟುತ್ತಾ ಇಲ್ವಾ ಅಂತ ನೋಡುತ್ತಾ ಕೂತಿರುತ್ತಾನೆ.

ನಾನು: ಅದು ನಿಜ, ಒಪ್ಪಿದೆ. 770 ಡಿಗ್ರಿ ದಾಟಿದರೆ ಅಯಸ್ಕಾಂತ ಅಂಟಲ್ಲ, ಅದೊಂದು ಹಳೇ ಲೆಕ್ಕ. ಆದರೆ ಅಂದಾಜು ಅಂದಾಜೇ.

ಅಕ್ಕ: ನನ್ನ ಕಥೆ ಕೇಳಿ. ಹೋದ ವರ್ಷ ಒಬ್ಬರ ಹತ್ತಿರ ಅಲೆ ಅಲೆ ಇರೋ ಡಮಾಸ್ಕಸ್ ಉಕ್ಕಿನ ಚಾಕು ಅಂತ ತಗೊಂಡೆ, ಪೂರ್ತಿ ದುಡ್ಡು ಮೊದಲೇ ಕೊಟ್ಟು. ಸ್ಯಾಂಡ್‌ಪೇಪರಿನಲ್ಲಿ ಒಂದು ಸಲ ಉಜ್ಜಿದ್ದಷ್ಟೇ, ಅಲೆ ಮಾಯ! ಎರಡು ಥರದ ಉಕ್ಕನ್ನು ಪದರ ಪದರವಾಗಿ ಬೆಸೆದಿದ್ದರೆ ಮತ್ತೆ ಆಸಿಡ್‌ನಲ್ಲಿ ಅದ್ದಿದಾಗ ಗೆರೆ ವಾಪಸ್ ಬರಬೇಕಂತೆ. ನಂದರಲ್ಲಿ ಬರಲೇ ಇಲ್ಲ. ಮೇಲ್ಮೇಲೆ ಅಚ್ಚು ಹಾಕಿದ್ದರು. ಆಮೇಲೆ ಫೋನೂ ಎತ್ತಲಿಲ್ಲ.

ಚಿಕ್ಕಪ್ಪ: ಇವನು ಅಡ್ವಾನ್ಸೇ ಕೇಳಿಲ್ಲ ಕಣಮ್ಮ. ಚಾಕು ಮುಗಿದ ಮೇಲೆ ಫೋಟೋ ಕಳಿಸುತ್ತಾನಂತೆ, ಒಪ್ಪಿಗೆಯಾದರೆ ದುಡ್ಡು. ಸ್ಪ್ರಿಂಗ್ ಸಡಿಲವಾದರೆ ಅವನೇ ಬಿಚ್ಚಿ ಸರಿ ಮಾಡಿಕೊಡುತ್ತಾನೆ. ಅಳಿಯಂದಿರೇ, ನಿಮ್ಮ ಕಂಪ್ಯೂಟರಿಗೆ ಫೋನ್ ಮಾಡಿದರೆ ಎತ್ತುತ್ತಾ?

ಭಾವ: ಲಾಕ್ ಇದೆಯಾ ಅದಕ್ಕೆ? ಬೆರಳ ಮೇಲೆ ಮಡಚಿಕೊಂಡರೆ ಗೊತ್ತಾಗುತ್ತೆ ಕೈಕೆಲಸ.

ನಾನು: ಲಾಕ್ ಇಲ್ಲ, ಹಿಡಿಯ ಬೆನ್ನಲ್ಲಿರೋ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿಯುತ್ತದೆ ಅಷ್ಟೇ. ಹಗ್ಗ, ರಟ್ಟಿನ ಡಬ್ಬ ಕೊಯ್ಯೋಕೆ ಸಾಕು, ಚುಚ್ಚೋಕೆ ಹೋಗಬಾರದು. ಚಿಕ್ಕಪ್ಪ, ನೀವು ಹಿಡಿ ನೋಡೋದು ಬಿಟ್ಟು ಆ ಸ್ಪ್ರಿಂಗ್ ನೋಡಿ. ಅಲಗು ಪೂರ್ತಿ ಬಿಚ್ಚಿದಾಗಲೂ ಮಡಚಿದಾಗಲೂ ಬೆನ್ನ ಮೇಲೆ ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು, ಬೆಳಕಿಗೆ ಹಿಡಿದರೆ ಸಂದಿ ಕಾಣಬಾರದು. ಅಷ್ಟು ಕೂರಿಸೋಕೆ ಸ್ವಲ್ಪ ಸ್ವಲ್ಪವೇ ಅರ ಹಾಕಿ, ಜೋಡಿಸಿ ನೋಡಿ, ಮತ್ತೆ ಬಿಚ್ಚಬೇಕು. ಏಳು ತಿಂಗಳ ಸಾಲು ಬೆಳೆಯೋದು ಅದಕ್ಕೇ. ಆಮೇಲೆ ಇದು ಸ್ಟೇನ್‌ಲೆಸ್ ಅಲ್ಲ. ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ಗ್ಯಾರಂಟಿ.

ಅಕ್ಕ: ಹದ ಹೇಗೆ ಕೊಡುತ್ತಾರೆ ಅಂತ ಅವರನ್ನೇ ಕೇಳಿಬಿಡಿ ಚಿಕ್ಕಪ್ಪ.

ಚಿಕ್ಕಪ್ಪ: ಕೇಳಿದೆ. ಉತ್ತರ ಬಂತು. ಹದ ಕೊಡೋದಕ್ಕೆ ಹೊರಗೆ ಕಳಿಸುತ್ತಾನಂತೆ. ಅಲ್ಲಿ ಕುಲುಮೆಗೆ ಕಂಪ್ಯೂಟರ್ ಇದೆಯಂತೆ.

ಭಾವ: ಹಹಹ! ಪೂರ್ತಿ ಕೈಕೆಲಸ!

ಚಿಕ್ಕಪ್ಪ: ಸ್ಪ್ರಿಂಗ್ ಕೂರಿಸೋದು ಅವನೇ. ಮುಚ್ಚಿಡದೆ ಹೇಳಿದನಲ್ಲ, ಅದನ್ನೂ ನೋಡಿ.

ಭಾವ: ಸರಿ, ಮಡಚಿದಾಗಿನ ಬೆನ್ನಿನ ಫೋಟೋ ಒಂದು ತರಿಸಿ. ನೋಡೋಣ.

ದೊಡ್ಡಮ್ಮ: ಯಾವ ಮರ ಅಂತ ಯಾರೂ ಹೇಳಲೇ ಇಲ್ಲ.