ತೊಡೆಯ ಹಿಂಬದಿ ಬಿಗಿಯಾಗಿದ್ದರೆ ಸೊಂಟ ನೋಯುತ್ತದೆಯೇ?

ಪ್ರಶ್ನೆ (ಮಂಡ್ಯದಿಂದ):
ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿ ಕಚೇರಿಯಲ್ಲಿ ಕುಳಿತು ಲೆಕ್ಕ ಬರೆಯುವವನು ನಾನು. ಭಾನುವಾರ ಊರಿನ ಕಬ್ಬಿನ ಗದ್ದೆಯಲ್ಲಿ ಕಳೆ ಕೀಳುತ್ತೇನೆ. ಸಂಜೆಗೆ ಬೆಲ್ಟ್ ಕಟ್ಟುವ ಜಾಗದಲ್ಲಿ ಅಡ್ಡಲಾಗಿ ನೋವು ಹಿಡಿಯುತ್ತದೆ. ಬಗ್ಗಿದರೆ ಬೆರಳು ಮೊಣಕಾಲಿನಿಂದ ಒಂದು ಗೇಣು ಕೆಳಗೆ ನಿಂತುಬಿಡುತ್ತದೆ. ಯೋಗ ತರಗತಿಯಲ್ಲಿ ಪಶ್ಚಿಮೋತ್ತಾನಾಸನ (ಕಾಲು ಚಾಚಿ ಕುಳಿತು ಮುಂದಕ್ಕೆ ಬಗ್ಗುವ ಆಸನ) ಮಾಡುವಾಗ ಬೆನ್ನು ಒತ್ತಿ ಬಗ್ಗಿಸುತ್ತಾರೆ; ಮರುದಿನ ನೋವು ಇನ್ನೂ ಹೆಚ್ಚು. ತೊಡೆಯ ಹಿಂಬದಿ ಸಡಿಲವಾದರೆ ಇದು ಹೋಗುತ್ತದೆಯೇ?

ಉತ್ತರ (ಪಾಂಡವಪುರದ ರೈತ):
ನಾಟಿ ಹಾಕುವ ಹೆಂಗಸರನ್ನು ನೋಡಿ. ಪಳಗಿದವರು ಬೆನ್ನು ಗೂನು ಮಾಡುವುದಿಲ್ಲ, ತೊಡೆಸಂದಿನಲ್ಲೇ ಮಡಚಿಕೊಂಡು ನಿಲ್ಲುತ್ತಾರೆ. ಅವರಿಗೂ ಸೊಂಟ ನೋಯುತ್ತದೆ, ಇಲ್ಲವೆನ್ನಲಾರೆ.

ಉತ್ತರ (ಮೈಸೂರಿನ ಫಿಸಿಯೋಥೆರಪಿಸ್ಟ್):
ಮೊದಲು ಆ ಒತ್ತುವುದನ್ನು ನಿಲ್ಲಿಸಲು ಹೇಳಿ. ಹ್ಯಾಮ್‌ಸ್ಟ್ರಿಂಗ್ ಎಂದರೆ ತೊಡೆಯ ಹಿಂಬದಿಯ ಮೂರು ಸ್ನಾಯುಗಳು. ಕುಳಿತಾಗ ನೆಲಕ್ಕೆ ಒತ್ತುವ ಶ್ರೋಣಿಯ (ಸೊಂಟದ ಕೆಳಗಿನ ಮೂಳೆಗೂಡಿನ) ಮೂಳೆಯಿಂದ ಹೊರಟು, ಮೊಣಕಾಲನ್ನು ದಾಟಿ ಕೆಳಗಾಲಿಗೆ ಅಂಟಿಕೊಂಡಿವೆ. ಮೊಣಕಾಲು ನೇರವಿಟ್ಟು ಬಗ್ಗಿದಾಗ, ಅವು ಬಿಗಿಯಾಗಿದ್ದರೆ ಶ್ರೋಣಿಯನ್ನು ಮುಂದಕ್ಕೆ ವಾಲಲು ಬಿಡುವುದಿಲ್ಲ. ಆಗ ಉಳಿದ ಬಾಗನ್ನೆಲ್ಲ ಸೊಂಟದ ಐದು ಕಶೇರುಗಳೇ (ಬೆನ್ನೆಲುಬಿನ ಮಣಿಗಳೇ) ಕೊಡಬೇಕು. ಮೇಲಿನಿಂದ ಇನ್ನೊಬ್ಬರು ಒತ್ತಿದರೆ ಆ ಭಾರವೂ ಅಲ್ಲಿಗೇ ಬೀಳುತ್ತದೆ. ನನ್ನಲ್ಲಿಗೆ ಬರುವ ಎಷ್ಟೋ ಜನ ಕಾಲ್ಬೆರಳು ಮುಟ್ಟುವುದನ್ನೇ ಗುರಿ ಮಾಡಿಕೊಂಡಿರುತ್ತಾರೆ. ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಹಾಗೆಂದು ಎಲ್ಲವನ್ನೂ ಹ್ಯಾಮ್‌ಸ್ಟ್ರಿಂಗ್‌ನ ತಲೆಗೆ ಕಟ್ಟಬೇಡಿ. ಬಿಗಿ ಇದ್ದವರೆಲ್ಲ ನೋಯುವುದಿಲ್ಲ, ನೋಯುವವರೆಲ್ಲ ಬಿಗಿಯಾಗಿರುವುದಿಲ್ಲ. ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ವಾರವಿಡೀ ಕುಳಿತು ಒಂದೇ ದಿನ ಗದ್ದೆಗೆ ಇಳಿಯುವುದೂ ಕಾರಣವಿರಬಹುದು.

ಅಂಗಾತ ಮಲಗಿ ಒಂದು ಕಾಲನ್ನು ನೇರವಾಗಿ ಮೇಲೆತ್ತಿ. ಸೆಳೆತ ಬಂದ ಕಡೆ ನಿಲ್ಲಿಸಿ ಪಾದವನ್ನು ನಿಮ್ಮತ್ತ ಮಡಿಸಿ. ಮೀನಖಂಡ ದಾಟಿ ಪಾದದವರೆಗೆ ಜುಮ್ಮೆನ್ನುವ ನೋವು ಹರಿದರೆ ಅದು ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನರದ ದೂರು ಇರಬಹುದು. ಎಳೆಯುವ ವ್ಯಾಯಾಮ ಬೇಡ, ವೈದ್ಯರಿಗೆ ತೋರಿಸಿ. ಗುಪ್ತಾಂಗದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಪಾದ ಸೋತು ಜೋತುಬಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ.

ಮರುಪ್ರಶ್ನೆ (ಮಂಡ್ಯದಿಂದ):
ಮಾಡಿ ನೋಡಿದೆ. ತೊಡೆಯ ಹಿಂದೆ ಮಾತ್ರ ಹಗ್ಗ ಬಿಗಿದಂತೆ ಸೆಳೆತ. ಕೆಳಕ್ಕೆ ಏನೂ ಇಳಿಯಲಿಲ್ಲ. ಮುಂದೇನು?

ಉತ್ತರ (ಮೈಸೂರಿನ ಫಿಸಿಯೋಥೆರಪಿಸ್ಟ್):
ಒಳ್ಳೆಯದು. ಹಾಗೆಯೇ ಮಲಗಿ, ಪಾದಕ್ಕೆ ಟವೆಲ್ ಸುತ್ತಿ, ಸಹಿಸುವಷ್ಟೇ ಎಳೆದು ಸುಮಾರು 30 ಸೆಕೆಂಡು ಹಿಡಿಯಿರಿ. ಎರಡು ಮೂರು ಸಲ ಸಾಕು. ಆಮೇಲೆ ಗೋಡೆಗೆ ಬೆನ್ನು ಮಾಡಿ ಒಂದಡಿ ಮುಂದೆ ನಿಂತು, ಅಂಗೈಯ ಅಂಚನ್ನು ತೊಡೆಸಂದಿಗೆ ಇಟ್ಟು, ಮೊಣಕಾಲು ತುಸು ಮಡಿಸಿ, ಪೃಷ್ಠದಿಂದ ಗೋಡೆ ಮುಟ್ಟಿ. ಕೈ ಆ ಮಡಿಕೆಯೊಳಗೆ ಸಿಕ್ಕಿಕೊಂಡರೆ ಶ್ರೋಣಿ ತಿರುಗಿದೆ ಎಂದು ಅರ್ಥ. ಕಳೆ ಕೀಳುವಾಗಲೂ ಹೀಗೇ ಬಗ್ಗಿ, ಒಂದು ಸಾಲು ಮುಗಿದ ಮೇಲೆ ನೆಟ್ಟಗೆ ನಿಂತು ನಾಲ್ಕು ಹೆಜ್ಜೆ ನಡೆಯಿರಿ. ರೈಲಿನಲ್ಲಿ ಶ್ರೀರಂಗಪಟ್ಟಣ ಬಂದಾಗಲಾದರೂ ಒಮ್ಮೆ ಏಳಿ.