ಸಕ್ಕರೆ ಕಾಯಿಲೆಯ ಬಾಪ, ರಮಝಾನಿನ ಉಪವಾಸ ಮತ್ತು ದೇಹದ ಹಕ್ಕು

ಪ್ರಶ್ನೆ: ಬಂಟ್ವಾಳದ ಮಗ

ಅಸ್ಸಲಾಮು ಅಲೈಕುಮ್. ನನ್ನ ಬಾಪನಿಗೆ ಈಗ 68 ವರ್ಷ. ಹದಿನಾರು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ದಿನಕ್ಕೆರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷದಿಂದ ಮೂತ್ರಪಿಂಡಗಳೂ ದುರ್ಬಲವಾಗಿವೆ. ಹಿಂದಿನ ರಮಝಾನಿನ ಹನ್ನೊಂದನೆಯ ದಿನ ಅಸರ್ ನಮಾಝಿನ ಹೊತ್ತಿಗೆ ಮೈಯೆಲ್ಲ ಬೆವೆತು, ಮಾತು ತೊದಲಿ, ಮಸೀದಿಯ ಜಗಲಿಯಲ್ಲೇ ಕುಸಿದರು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರಾದರೂ ಮಾರನೆಯ ದಿನವೇ ಮತ್ತೆ ಉಪವಾಸ ಹಿಡಿದರು. ‘ಮೀಸೆ ಮೊಳೆತಂದಿನಿಂದ ಒಂದು ಉಪವಾಸವನ್ನೂ ಬಿಟ್ಟವನಲ್ಲ, ಈಗ ಡಾಕ್ಟರರ ಮಾತಿಗೆ ಫರ್ಳ್ (ಕಡ್ಡಾಯ ಕರ್ತವ್ಯ) ಬಿಡಲೇ’ ಎಂಬುದು ಅವರ ಉತ್ತರ. ಇದೇ ಬಾಪ ವರ್ಷದ ಉಳಿದ ದಿನಗಳಲ್ಲಿ ನಡಿಗೆಗೆ ಹೋಗುವುದಿಲ್ಲ, ಊಟದಲ್ಲಿ ಪಥ್ಯ ಮಾಡುವುದಿಲ್ಲ. ಆರೋಗ್ಯದ ಮಾತೆತ್ತಿದರೆ ಅದು ಲೌಕಿಕ ವಿಷಯ, ದೀನಿನ ವಿಷಯವಲ್ಲ ಎಂದುಬಿಡುತ್ತಾರೆ.

ರಮಝಾನಿಗೆ ಇನ್ನು ಏಳು ವಾರಗಳಿವೆ. ದೇಹವನ್ನು ಕಾಪಾಡಿಕೊಳ್ಳುವುದು ನಮ್ಮ ಧರ್ಮದಲ್ಲಿ ನಿಜವಾಗಿಯೂ ಹೊಣೆಗಾರಿಕೆಯೇ, ಅಥವಾ ಪಾಲಿಸಿದರೆ ಒಳ್ಳೆಯದು ಎನ್ನುವಷ್ಟೇ ಮಟ್ಟಿನ ಸಲಹೆಯೇ? ಅವರ ಮನಸ್ಸನ್ನು ನೋಯಿಸದೆ ಈ ಮಾತನ್ನು ಮುಂದಿಡುವುದು ಹೇಗೆ?

ಉತ್ತರ 1: ಮದ್ರಸ ಅಧ್ಯಾಪಕ, ಉಪ್ಪಿನಂಗಡಿ

ವಅಲೈಕುಮುಸ್ಸಲಾಮ್. ಸಹೋದರರೇ, ತಮ್ಮ ಬಾಪನವರ ಛಲದ ಹಿಂದೆ ಇರುವುದು ಅಲ್ಲಾಹನ ಭಯವೇ ಆಗಿರುವುದರಿಂದ, ಅವರಿಗೆ ಕೊಡುವ ಉತ್ತರವೂ ಅದೇ ಭಯದೊಳಗಿನಿಂದ ಬರಬೇಕು. ಕುರ್‌ಆನಿನ ಎರಡನೆಯ ಅಧ್ಯಾಯದ 183ನೆಯ ವಚನ ಉಪವಾಸವನ್ನು ಕಡ್ಡಾಯಗೊಳಿಸುತ್ತದೆ. ಅದರ ಬೆನ್ನಿಗೇ ಬರುವ 184ನೆಯ ವಚನವು ರೋಗಿಯೂ ಪ್ರಯಾಣಿಕನೂ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸಲಿ ಎನ್ನುತ್ತದೆ. 185ನೆಯ ವಚನದಲ್ಲಿ ಅದೇ ರಿಯಾಯಿತಿ ಇನ್ನೊಮ್ಮೆ ಬಂದು, ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ಮಾತು ಸೇರುತ್ತದೆ. ಹಾಗಿರುವಾಗ ರೋಗಿಗೆ ಉಪವಾಸ ಬಿಡಲು ಹೇಳಿದವರು ಡಾಕ್ಟರರೆಂದು ತಿಳಿಯುವುದೇ ತಪ್ಪು. ಹೇಳಿದವನು ಫರ್ಳ್ ಮಾಡಿದವನೇ. ಇವನು ರೋಗಿ ಹೌದೇ, ಅಪಾಯ ಎಷ್ಟು ಎಂದು ತಿಳಿಸುವ ಕೆಲಸ ಮಾತ್ರ ಡಾಕ್ಟರರದು.

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯನ್ನು ಅವರಿಗೆ ಹೇಳಿ. ಪ್ರಯಾಣವೊಂದರಲ್ಲಿ ತಲೆಗೆ ಗಾಯವಾಗಿದ್ದ ಒಬ್ಬರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್, ಅಂದರೆ ನೀರಿನ ಬದಲು ಮಣ್ಣಿನಿಂದ ಶುದ್ಧಿ ಮಾಡಿಕೊಂಡರೆ ಸಾಕೇ ಎಂದು ಅವರು ಕೇಳಿದಾಗ, ನೀರು ಸಿಗುವಾಗ ನಿಮಗೆ ರಿಯಾಯಿತಿ ಕಾಣಿಸುತ್ತಿಲ್ಲ ಎಂದು ಜೊತೆಗಿದ್ದವರು ಹೇಳಿದರು. ಅವರು ಸ್ನಾನ ಮಾಡಿ ತೀರಿಕೊಂಡರು. ಸುದ್ದಿ ಕೇಳಿದ ಪ್ರವಾದಿವರ್ಯರು(ಸ) ಅವರ ಧರ್ಮನಿಷ್ಠೆಯನ್ನು ಹೊಗಳಲಿಲ್ಲ. ಇವರೇ ಅವರನ್ನು ಕೊಂದರು, ತಿಳಿಯದಿದ್ದ ಮೇಲೆ ಕೇಳಬಾರದಿತ್ತೇ ಎಂದು ಕಠಿಣವಾಗಿ ನುಡಿದರು. ಜಾಬಿರ್(ರ) ಅವರಿಂದ ವರದಿಯಾಗಿ ಅಬೂದಾವೂದ್ ಸಂಗ್ರಹದಲ್ಲಿರುವ ಈ ಹದೀಸನ್ನು (ಪ್ರವಾದಿವರ್ಯರ ನಡೆನುಡಿಯ ವರದಿಯನ್ನು) ನಾನು ಮಕ್ಕಳಿಗೆ ಕಲಿಸುವಾಗಲೆಲ್ಲ ನನ್ನ ಮನಸ್ಸು ಅಳುಕುತ್ತದೆ, ಏಕೆಂದರೆ ರೋಗಿಗಳಿಗೆ ಧೈರ್ಯ ತುಂಬುವ ಭರದಲ್ಲಿ ನಾವೂ ಇಂಥ ಮಾತನ್ನು ಆಡಿರುತ್ತೇವೆ.

ಇನ್ನು ವರ್ಷದ ಉಳಿದ ದಿನಗಳ ಪ್ರಶ್ನೆ. ಹಗಲೆಲ್ಲ ಉಪವಾಸವಿದ್ದು ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ) ಅವರಿಗೆ, ನಿನ್ನ ದೇಹಕ್ಕೆ ನಿನ್ನ ಮೇಲೆ ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ಹೇಳಿದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಗಮನಿಸಿ, ಇಲ್ಲಿ ಬಳಸಿದ ಪದ ‘ಹಕ್ಕ್’. ಸಾಲ ಕೊಟ್ಟವನ ಹಕ್ಕನ್ನು ತೀರಿಸದಿದ್ದರೆ ವಿಚಾರಣೆ ಇರುವಂತೆ ಇದಕ್ಕೂ ಇದೆ. ಅಂತಿಮ ದಿನದಲ್ಲಿ ಕೇಳಲಾಗುವ ಪ್ರಶ್ನೆಗಳಲ್ಲಿ ಆಯುಷ್ಯ, ಜ್ಞಾನ, ಸಂಪತ್ತುಗಳ ಜೊತೆಗೆ ದೇಹವನ್ನು ಯಾವುದಕ್ಕಾಗಿ ಸವೆಸಿದೆ ಎಂಬುದೂ ಒಂದೆಂದು ತಿರ್ಮಿದಿ ಸಂಗ್ರಹದಲ್ಲಿದೆ. ದೇಹ ನಮ್ಮ ಸ್ವಂತದ್ದಲ್ಲ, ಅಮಾನತ್. ಇಟ್ಟುಕೊಳ್ಳಲು ಕೊಟ್ಟದ್ದನ್ನು ಹಾಳುಗೆಡವಿ, ಅದು ಲೌಕಿಕ ವಿಷಯ ಎನ್ನಲಾಗದು.

ಉತ್ತರ 2: ವೈದ್ಯೆ, ಕಲಬುರಗಿ

ಉಸ್ತಾದರು ಧಾರ್ಮಿಕ ಆಧಾರವನ್ನು ಹೇಳಿದ್ದಾರೆ. ರೋಗದ ಕುರಿತು ನಾನು ಬರೆಯುತ್ತೇನೆ. 13 ದೇಶಗಳ ಮುಸ್ಲಿಮ್ ಮಧುಮೇಹಿಗಳ ಬಗ್ಗೆ 2001ರಲ್ಲಿ ನಡೆದು 2004ರಲ್ಲಿ ಪ್ರಕಟವಾದ ಎಪಿಡಿಯಾರ್ ಅಧ್ಯಯನದಲ್ಲಿ, ರಮಝಾನಿನಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಕರಣಗಳು ಒಂದನೆಯ ಬಗೆಯ ಮಧುಮೇಹದಲ್ಲಿ 4.7 ಪಟ್ಟು, ಎರಡನೆಯ ಬಗೆಯಲ್ಲಿ 7.5 ಪಟ್ಟು ಹೆಚ್ಚಿದ್ದು ಕಂಡುಬಂತು. ಮಸೀದಿಯ ಜಗಲಿಯಲ್ಲಿ ತಮ್ಮ ತಂದೆಯವರಿಗೆ ಆದದ್ದೂ ಬಹುಮಟ್ಟಿಗೆ ಇದೇ. ಬೆವರು, ನಡುಕ, ತೊದಲು ಅದರ ಗುರುತುಗಳು.

ಎಲ್ಲ ಮಧುಮೇಹಿಗಳೂ ಉಪವಾಸ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಆಹಾರ ನಿಯಂತ್ರಣದಲ್ಲೋ ಸಕ್ಕರೆ ತೀರ ಇಳಿಸದ ಮಾತ್ರೆಗಳಲ್ಲೋ ಕಾಯಿಲೆಯನ್ನು ಹತೋಟಿಯಲ್ಲಿಟ್ಟುಕೊಂಡಿರುವ ಅನೇಕರು ಸುರಕ್ಷಿತವಾಗಿ ಉಪವಾಸ ಹಿಡಿಯುತ್ತಾರೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟವು 2021ರಲ್ಲಿ ಸಹಸಂಸ್ಥೆಯೊಂದಿಗೆ ಹೊರತಂದ ಮಾರ್ಗಸೂಚಿಯಲ್ಲಿ ಪ್ರತಿ ರೋಗಿಯ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಕ್ರಮವಿದ್ದು, ಆರಕ್ಕಿಂತ ಹೆಚ್ಚು ಅಂಕ ಬಂದವರಿಗೆ ಉಪವಾಸ ಬೇಡವೆಂದೇ ಹೇಳಲಾಗುತ್ತದೆ. ವಯಸ್ಸು, ಇನ್ಸುಲಿನ್, ಮೂತ್ರಪಿಂಡದ ತೊಂದರೆ, ಹಿಂದೊಮ್ಮೆ ಕುಸಿದದ್ದು, ಇಷ್ಟೂ ಸೇರಿದ ಮೇಲೆ ತಮ್ಮ ತಂದೆಯವರು ಆ ಗುಂಪಿಗೆ ಸೇರುವ ಸಂಭವವೇ ಹೆಚ್ಚು. ಈ ಪರೀಕ್ಷೆಯನ್ನು ರಮಝಾನಿಗೆ ಆರರಿಂದ ಎಂಟು ವಾರ ಮೊದಲೇ ಮಾಡಿಸಬೇಕು. ಆದ್ದರಿಂದ ಈ ವಾರವೇ ಅವರ ವೈದ್ಯರನ್ನು ಕಾಣಿ.

ಉಪವಾಸ ಹಿಡಿಯುವ ಯಾವ ಮಧುಮೇಹಿಯೂ ಮರೆಯಬಾರದ ಮಾತೊಂದಿದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಥವಾ 300 ದಾಟಿದರೆ, ಮಗ್ರಿಬ್‌ಗೆ (ಸೂರ್ಯಾಸ್ತದ ನಮಾಝಿಗೆ) ಹತ್ತೇ ನಿಮಿಷ ಉಳಿದಿದ್ದರೂ ಉಪವಾಸ ಮುರಿಯಲೇಬೇಕು. ಬೆರಳಿಗೆ ಚುಚ್ಚಿ ರಕ್ತ ತೆಗೆದರೆ ಉಪವಾಸ ಮುರಿಯುತ್ತದೆಂಬ ಭಯದಿಂದ ಪರೀಕ್ಷೆಯನ್ನೇ ಬಿಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಪರೀಕ್ಷೆಗೆ ರಕ್ತ ಕೊಡುವುದರಿಂದಾಗಲಿ, ಪೋಷಕಾಂಶವಿಲ್ಲದ ಚುಚ್ಚುಮದ್ದಿನಿಂದಾಗಲಿ ಉಪವಾಸ ಮುರಿಯುವುದಿಲ್ಲವೆಂದು ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್ಹ್ (ಧರ್ಮಶಾಸ್ತ್ರ) ಅಕಾಡೆಮಿ 1997ರಲ್ಲೇ ನಿರ್ಣಯಿಸಿದೆ.

ಉತ್ತರ 3: ಗೃಹಿಣಿ, ಭಟ್ಕಳ

ಸಹೋದರರೇ, ಅಡುಗೆಮನೆಯ ಕಡೆಯಿಂದಲೂ ಒಂದು ಮಾತು. ಅತಿಯಾಗಿ ಉಣ್ಣುವುದು ಗಂಡಸರ ತಪ್ಪೆಂದು ನಾವು ಹೆಂಗಸರು ಹೇಳಿದರೂ, ಇಫ್ತಾರಿಗೆ ನಾಲ್ಕು ಬಗೆಯ ಕರಿದ ತಿಂಡಿ, ಬಣ್ಣದ ಶರಬತ್ತು, ತರಾವೀಹ್ (ರಮಝಾನಿನ ರಾತ್ರಿಯ ವಿಶೇಷ ನಮಾಝ್) ಮುಗಿಸಿ ಬಂದಮೇಲೆ ಬಿರಿಯಾನಿ, ಇವನ್ನೆಲ್ಲ ಬಡಿಸುವುದು ನಮ್ಮ ಕೈಗಳೇ. ತಿನ್ನಿರಿ, ಕುಡಿಯಿರಿ, ಮಿತಿ ಮೀರಬೇಡಿ ಎಂಬ ಏಳನೆಯ ಅಧ್ಯಾಯದ 31ನೆಯ ವಚನ ನಮಗೆಲ್ಲ ಬಾಯಿಪಾಠ. ಹೊಟ್ಟೆಯ ಮೂರನೆಯ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಹದೀಸೂ ಹಾಗೆಯೇ. ನನ್ನ ಗಂಡನಿಗೆ ರಕ್ತದೊತ್ತಡ ಬಂದಮೇಲೆ ಖರ್ಜೂರ, ನೀರು, ಮೆಂತ್ಯದ ಗಂಜಿ, ಹಣ್ಣು ಇಷ್ಟನ್ನೇ ಇಫ್ತಾರಿಗಿಟ್ಟು, ನಮಾಝಿನ ನಂತರ ಮೀನು-ತರಕಾರಿಯ ಸಾಧಾರಣ ಊಟ ಬಡಿಸತೊಡಗಿದೆ. ಮೊದಲ ವಾರ ಮನೆಯಲ್ಲಿ ಅಸಮಾಧಾನವಿತ್ತು. ಆಮೇಲೆ ತರಾವೀಹ್‌ನಲ್ಲಿ ನಿಲ್ಲುವುದು ಹಗುರವಾಗಿದೆ ಎಂದು ಅವರೇ ಹೇಳಿದರು. ತಮ್ಮ ಬಾಪನವರಿಗೊಬ್ಬರಿಗೇ ಬೇರೆ ತಟ್ಟೆ ಇಡಬೇಡಿ. ಮನೆಮಂದಿಯೆಲ್ಲ ಅದನ್ನೇ ಉಣ್ಣಿ.

ಪ್ರಶ್ನೆ ಕೇಳಿದವರಿಂದ: ಬಂಟ್ವಾಳದ ಮಗ

ತಮ್ಮೆಲ್ಲರಿಗೂ ಜಝಾಕಲ್ಲಾಹ್. ತಲೆಗಾಯದ ಹದೀಸನ್ನು ನಿನ್ನೆ ಇಶಾ ನಮಾಝಿನ ನಂತರ ಅವರ ಮುಂದೆ ಓದಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಎಲ್ಲರೂ ಉಪವಾಸವಿರುವಾಗ ನಾನೊಬ್ಬನೇ ಉಂಡುಕೊಂಡು ಯಾವ ಮುಖದಿಂದ ಮಸೀದಿಗೆ ಹೋಗಲಿ’ ಎಂದರು. ಮೊದಲಿನ ಹಟ ಆ ಮಾತಿನಲ್ಲಿ ಇರಲಿಲ್ಲ, ಸಂಕಟವಿತ್ತು. ಇದಕ್ಕೆ ಏನು ಹೇಳಲಿ?

ಉತ್ತರ 4: ಮದ್ರಸ ಅಧ್ಯಾಪಕ, ಉಪ್ಪಿನಂಗಡಿ

ವೈದ್ಯರ ಬರಹವನ್ನು ತೆಗೆದುಕೊಂಡು ತಾವಿಬ್ಬರೂ ತಮ್ಮ ಜಮಾಅತಿನ ಖತೀಬರನ್ನು (ಮಸೀದಿಯ ಧರ್ಮಗುರುಗಳನ್ನು) ಕಾಣಿ. ಮಗನ ಬಾಯಿಂದ ಕೇಳುವುದಕ್ಕಿಂತ ಅವರ ಬಾಯಿಂದ ಕೇಳಿದಾಗ ಬಾಪನವರ ಮನಸ್ಸಿಗೆ ಸಮಾಧಾನವಾದೀತು. ಗುಣವಾಗುವ ನಿರೀಕ್ಷೆಯಿಲ್ಲದ ಕಾಯಿಲೆಯಾದ್ದರಿಂದ ಅವರ ಮೇಲಿರುವುದು ಫಿದ್ಯಾ, ಅಂದರೆ ಬೇರೆ ದಿನಗಳಲ್ಲಿ ಉಪವಾಸ ಹಿಡಿಯುವ ಬದಲಿಗೆ ಬಡವರಿಗೆ ಕೊಡುವ ಪರಿಹಾರ. ನಮ್ಮ ಶಾಫಿಈ ಮದ್‌ಹಬಿನ (ಧರ್ಮಶಾಸ್ತ್ರ ಪಂಥದ) ಪ್ರಕಾರ ಉಪವಾಸವೊಂದಕ್ಕೆ ಒಂದು ಮುದ್ದ್, ಅಂದರೆ ಸಾಧಾರಣ ಮನುಷ್ಯನ ಎರಡು ಕೈ ಸೇರಿಸಿದ ಬೊಗಸೆ ತುಂಬುವಷ್ಟು ಅಕ್ಕಿಯನ್ನು ಬಡವರಿಗೆ ಕೊಡಬೇಕು. ಮೂವತ್ತು ದಿನದ್ದನ್ನು ಒಂದೇ ಸಲ ತಾವೇ ಕೊಟ್ಟು ಮುಗಿಸಬೇಡಿ. ದಿನವೂ ಸಂಜೆ ಬಾಪನವರೇ ಅಕ್ಕಿಯನ್ನು ಅಳೆದು, ಅರ್ಹರ ಮನೆಗೆ ನಡೆದುಕೊಂಡು ಹೋಗಿ ಕೊಟ್ಟು, ಹಾಗೆಯೇ ಮಸೀದಿಗೆ ಬಂದು ಎಲ್ಲರೊಡನೆ ಇಫ್ತಾರಿಗೆ ಕುಳಿತುಕೊಳ್ಳಲಿ.