ಕಿವಿ ಕೇಳಿಸದ ಮಗಳನ್ನು ನಾಟಕ ತಂಡಕ್ಕೆ ಕಳಿಸಬಹುದಾ? ಅನುಭವ ಇದ್ದವರು ಹೇಳಿ

ತುಮಕೂರು ತಾಯಿ
ಮಗಳಿಗೆ 19. ಹುಟ್ಟಿನಿಂದ ಎರಡೂ ಕಿವಿ ಕೇಳಿಸಲ್ಲ, ಬಲಗಿವಿಗೆ ಚಿಕ್ಕಂದಿನಲ್ಲೇ ಆಪರೇಷನ್ ಮಾಡಿ ಕಾಕ್ಲಿಯರ್ ಇಂಪ್ಲಾಂಟ್ (ಶಬ್ದ ಕೇಳಿಸೋ ಸಾಧನ) ಹಾಕಿಸಿದೀವಿ. ಭರತನಾಟ್ಯ ಜೂನಿಯರ್ ಪಾಸು, ಸೀನಿಯರ್ ನಡೀತಿದೆ. ಬೆಂಗಳೂರಿನ ಒಂದು ತಂಡ ಕರೆದಿದೆ. ಮಾತಿಲ್ಲದ ನಾಟಕ, ತಿಂಗಳಿಗೆ 12,000, ಊಟ ಅವರದ್ದು, ರೂಮು ನಮ್ಮದು. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಅವರಪ್ಪ ಬ್ಯಾಂಕ್ ಪರೀಕ್ಷೆ ಬರೀಲಿ ಅಂತಾರೆ, ಅಂಗವಿಕಲರಿಗೆ ಮೀಸಲಾತಿ ಇದೆಯಲ್ಲ. ಕಳಿಸಬಹುದಾ?

ಬರಿಗಾಲು
ನಾನೂ ಹುಟ್ಟು ಕಿವುಡಿ, ನಾನೂ ಭರತನಾಟ್ಯದವಳು. ಇಂಪ್ಲಾಂಟ್ ಇಲ್ಲದೆಯೇ ಇಷ್ಟು ವರ್ಷ ಕುಣಿದಿದ್ದೇನೆ. ತಾಳ ಹೇಗೆ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ತಾಳ ಕಲಿಯಬಹುದು, ನೆಲ ನಮ್ಮ ಕೈಯಲ್ಲಿಲ್ಲ. ಹಲಗೆಯ ವೇದಿಕೆ, ಅದರಡಿ ಟೊಳ್ಳು ಇದ್ದರೆ ಮೃದಂಗ ಪಾದದಿಂದ ಮೊಣಕಾಲಿಗೆ ಹತ್ತುತ್ತದೆ. ಸಿಮೆಂಟಿನ ಮೇಲೆ ಟೈಲ್ಸ್, ಅದರ ಮೇಲೊಂದು ಕೆಂಪು ಕಾರ್ಪೆಟ್ ಎಳೆದ ಕಲ್ಯಾಣ ಮಂಟಪದಲ್ಲಿ ಏನೂ ಇಲ್ಲ. ಕೊಳಲು, ಪಿಟೀಲು ಎಲ್ಲಿಯೂ ಬರುವುದಿಲ್ಲ. ಹಾಗಾಗಿ ಗುರುಗಳ ಬಾಯಿ, ಕೈತಾಳ ನೋಡಿಕೊಂಡೇ ವರ್ಣ ಎಂಬ ಉದ್ದದ ನೃತ್ಯ ಮುಗಿಸಬೇಕು. ಅಷ್ಟರಲ್ಲಿ ಲೈಟಿನವನಿಗೆ ಶೃಂಗಾರ ನೆನಪಾಗಿ ನೀಲಿ ಬೆಳಕು ಹಾಕುತ್ತಾನೆ, ಗುರುಗಳು ಕತ್ತಲಲ್ಲಿ ಮಾಯ.

ಇನ್ನು ದುಡ್ಡು. ಕಳೆದ ಕಾರ್ಯಕ್ರಮದ ಲೆಕ್ಕ: ಬಸ್ಸು 1,860, ಮೇಕಪ್ 2,500, ಹೂವು 400, ಸನ್ನೆ ಭಾಷೆಯ ದುಭಾಷಿ 3,000. ಸಂಘಟಕರು ಕೊಟ್ಟದ್ದು 5,000, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಕೈಯಿಂದ ಹೋದದ್ದು 2,760. ‘ದೇವರು ಕಿವಿ ಕಿತ್ತುಕೊಂಡು ಕಲೆ ಕೊಟ್ಟ’ ಎಂಬ ನಿರೂಪಕರ ಭಾಷಣ ನಾನು ಮೊದಲು ಕುಣಿಯುವ ಅಲರಿಪುವಿಗಿಂತ ಉದ್ದ. ಅದೇ ವೇದಿಕೆಯಲ್ಲಿ ಕುಣಿದ, ಕಿವಿ ಕೇಳುವ ಹುಡುಗಿಗೆ 20,000 ಅಂತ ಆಮೇಲೆ ತಿಳಿಯಿತು.

ದಾವಣಗೆರೆ ಅಮ್ಮ
ಮೊದಲು ಇಂಪ್ಲಾಂಟಿನ ಪ್ರೊಸೆಸರ್ (ಹೊರಗೆ ಹಾಕಿಕೊಳ್ಳೋ ಮೈಕಿನ ಭಾಗ) ಎಷ್ಟು ಹಳೆಯದು ನೋಡಿ. ನನ್ನ ಮಗ ಮೂಕಾಭಿನಯ ಮಾಡ್ತಾನೆ. ಆಪರೇಷನ್ ಸಾಲ ತೀರಿದ್ದೇ ತಡ, ಆ ಮಾಡೆಲ್‌ಗೆ ಇನ್ನು ಸ್ಪೇರ್ ಸಿಗಲ್ಲ ಅಂತ ಕಂಪನಿಯ ಪತ್ರ ಬಂತು. ಹೊಸದಕ್ಕೆ 4,65,000, ಹಳೆಯದು ವಾಪಸ್ ಕೊಟ್ಟರೂ 3,90,000. ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಎಡಿಪ್ ಯೋಜನೆ ಇಂಪ್ಲಾಂಟ್ ವಿಷಯದಲ್ಲಿ ಪುಟ್ಟ ಮಕ್ಕಳ ಆಪರೇಷನ್‌ಗೆ. ಬೆಳೆದ ಹುಡುಗನ ಪ್ರೊಸೆಸರ್‌ಗೆ ನಮಗೆ ಒಂದು ಪೈಸೆ ಹುಟ್ಟಲಿಲ್ಲ. ಒಡವೆ ಇಟ್ಟೆವು. ಮೇಲೆ ಕಾಯಿಲ್ (ಮ್ಯಾಗ್ನೆಟ್‌ನಿಂದ ತಲೆಗೆ ಅಂಟೋ ಬಿಲ್ಲೆ) 11,000, ಅದರ ಕೇಬಲ್ 6,500. ಬೆವರಿನ ಕಥೆ ಕೇಳಲೇಬೇಡಿ. ಲೈಟಿನಡಿ ಅರ್ಧ ಗಂಟೆ ನಿಂತರೆ ಮೈಕಿನ ತೂತಿಗೆ ಬೆವರಿಳಿದು ಬರೀ ಕರಕರ. ದಿನಾ ರಾತ್ರಿ ಒಣಗಿಸೋ ಡಬ್ಬಿಯಲ್ಲಿಡಬೇಕು. ಪಲ್ಟಿ ಹೊಡೆದರೆ ಕಾಯಿಲ್ ಹಾರುತ್ತೆ. ಗಟ್ಟಿ ಮ್ಯಾಗ್ನೆಟ್ ಹಾಕಿಸಿದರೆ ತಲೆಯ ಚರ್ಮ ಕೆಂಪಾಗಿ ಹುಣ್ಣು. ನಾನೇ ಕೂತು ವಿಗ್ಗಿಗೆ ಕುಣಿಕೆ ಹೊಲೆದು ಸಿಕ್ಕಿಸ್ತೀನಿ. ಇಷ್ಟಾದರೂ ಫೋನಿನಲ್ಲಿ ‘ಅಮ್ಮಾ, ಊಟ ಆಯ್ತಾ’ ಅಂತಾನೆ. ಕೈಸನ್ನೆಗೆ ಹಾಕಿದ್ದರೆ ಈ ಮಾತು ಬರ್ತಿರಲಿಲ್ಲ.

ಬರಿಗಾಲು
ಕೊನೆಯ ಸಾಲು ಯಾರಿಗೆ? ಸನ್ನೆ ಬೆರೆಸಿದರೆ ಮಾತು ಕೆಡುತ್ತದೆ ಅಂತ 1880ರಲ್ಲಿ ಮಿಲಾನಿನ ಕಿವುಡರ ಶಿಕ್ಷಣ ಸಮ್ಮೇಳನದಲ್ಲಿ ಕೂತು ಠರಾವು ಮಾಡಿದವರು ಹೆಚ್ಚುಕಡಿಮೆ ಎಲ್ಲರೂ ಕೇಳುವ ಮೇಷ್ಟ್ರುಗಳೇ. ನಮ್ಮ ಶಾಲೆಯಲ್ಲಿ ಕೈ ಆಡಿಸಿದರೆ ಸ್ಕೇಲಿನ ಏಟು ಬೀಳುತ್ತಿದ್ದದ್ದೂ ಅದೇ ಬುದ್ಧಿಯಿಂದ. ಬ್ಯಾಟರಿ ಹೋದ ರಾತ್ರಿ ನಿಮ್ಮ ಮಗ ನಿಮ್ಮ ಹತ್ತಿರ ಹೇಗೆ ಮಾತಾಡುತ್ತಾನೆ?

ದಾವಣಗೆರೆ ಅಮ್ಮ
ತುಟಿ ಓದ್ತಾನೆ. ಒಡವೆ ಇಟ್ಟವಳು ನಾನು, ನೀವಲ್ಲ. ಇಡೀ ಊರು ನಿಮ್ಮ ಸನ್ನೆ ಕಲಿಯೋವರೆಗೆ ನನ್ನ ಮಗ ಮೂಲೆಯಲ್ಲಿ ಕೂರಬೇಕಿತ್ತಾ?

ಲೈಟಿನವನು
ಲೈಟಿನವರಿಗೂ ಸ್ವಲ್ಪ ಮರ್ಯಾದೆ ಕೊಡಿ ಮೇಡಂ. ಮೊದಲೇ ಹೇಳಿದ್ದರೆ ಗುರುಗಳ ಮೇಲೆ ಒಂದು ಸಣ್ಣ ಸ್ಪಾಟ್ ಬಿಡುವುದು ಎರಡು ನಿಮಿಷದ ಕೆಲಸ. ನಮ್ಮ ತಂಡದ ಕಿವುಡ ನಟರಿಗೆ ವಿಂಗಿನಲ್ಲಿ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಕೆಂಪು ಬಲ್ಬು ಕಟ್ಟುತ್ತೇನೆ: ಹತ್ತಿದರೆ ತಯಾರಾಗು, ಆರಿದರೆ ಹೋಗು. ಹೋಲ್ಡರು, ವೈರು ಎಲ್ಲ ಸೇರಿ 350 ರೂಪಾಯಿ. ನೃತ್ಯಗಾರ ಅಸ್ತಾದ್ ದೇಬೂ ಕೊಲ್ಕತ್ತೆಯ ಆಕ್ಷನ್ ಪ್ಲೇಯರ್ಸ್ ತಂಡದ ಕಿವುಡ ಕಲಾವಿದರನ್ನು ಕುಣಿಸಲಿಲ್ಲವೇ? ಕಿವುಡ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಬರಿಗಾಲಲ್ಲಿ ನಿಂತು ಲೋಕವೆಲ್ಲ ಮೆಚ್ಚುವಂತೆ ನುಡಿಸುವುದಿಲ್ಲವೇ?

ಬರಿಗಾಲು
ಬಂದರಪ್ಪ ಗ್ಲೆನಿ. ಕೇಳುವವರಿಗೆ ಒಂದೇ ಹೆಸರು ಗೊತ್ತು. ಅವರನ್ನು ಯಾರಾದರೂ ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ್ದಾರಾ?

ಹುಬ್ಬಳ್ಳಿ ಕೈಮಾತು
ದುಭಾಷಿ 3,000 ಅಂತ ಹೂವಿನ ರೊಕ್ಕದ ಜೋಡಿ ಬರದೀರಲ್ರೀ ಅಕ್ಕಾರ, ಅದನ್ನ ಓದಿ ಮೈ ಉರೀತು. ನಮ್ಮಪ್ಪ ಅವ್ವ ಇಬ್ರೂ ಕಿವುಡ್ರು, ನಾ ಮಾತು ಕಲಿಯೂಕಿಂತ ಮೊದಲ ಸನ್ನಿ ಕಲಿತಾಕಿ. ಅದರ ಮ್ಯಾಲೆ ಎರಡು ವರ್ಷದ ಡಿಪ್ಲೊಮಾ ಮಾಡೀನಿ. ಒಬ್ಬರ ಕೈಲೆ ಎರಡು ತಾಸು ಆಗೂದಿಲ್ಲ. ಇಪ್ಪತ್ತು ನಿಮಿಷಕ್ಕ ಕೈ, ತಲಿ ಎರಡೂ ಸೋಲ್ತಾವ, ಇಬ್ಬರು ಬೇಕ. ಅಂದ್ರ 6,000. ಸಂಘಟಕರು ಏನಂತಾರ? ‘ಇದು ಪುಣ್ಯದ ಕೆಲಸ, ರೊಕ್ಕ ಯಾಕ ಕೇಳ್ತೀರಿ?’ ಮೈಕಿನಾವಂಗ ಯಾರೂ ಪುಣ್ಯ ಹೇಳೂದಿಲ್ಲ. ಒಂದು ಕಡೆ ನನ್ನನ್ನ ಹೂದಾನಿ ಹಿಂದ ನಿಲ್ಲಿಸಿದ್ರು, ಫೋಟೋದಾಗ ಛಲೋ ಕಾಣೂದಿಲ್ಲಂತ.

ಬರಿಗಾಲು
ತಂಗಿ, ಆ 3,000ವನ್ನು ಸಂಘಟಕರು ಕೊಡಬೇಕಿತ್ತು, ನಾನು ಕೊಟ್ಟೆ, ಅದಕ್ಕೇ ಬರೆದೆ. ಹಾಗೆಯೇ ಇನ್ನೊಂದು ಮಾತು: ಮರುದಿನದ ಪೇಪರಿನಲ್ಲಿ ಬಂದದ್ದು ದುಭಾಷಿಯ ಸಂದರ್ಶನ. ಕುಣಿದವಳ ಹೆಸರಿನಲ್ಲಿ ಅಕ್ಷರ ತಪ್ಪು.

ಹುಬ್ಬಳ್ಳಿ ಕೈಮಾತು
ಅದು ನಾ ಅಲ್ರೀ! ಎಲ್ಲಾರ ಸಿಟ್ಟು ನಮ್ಮ ಮ್ಯಾಲೆ ಯಾಕ?

ಚೌಕಿಮನೆ
ನನಗೆ ಹುಟ್ಟಿನಿಂದ ಬಂದದ್ದಲ್ಲ ಮಾರಾಯ್ರೇ. ಯಕ್ಷಗಾನದ ತೆಂಕು ಶೈಲಿಯ ಮೇಳದಲ್ಲಿ ಪುಂಡುವೇಷ (ಚುರುಕಿನ ಯುವ ವೀರರ ಪಾತ್ರ) ಮಾಡಿಕೊಂಡಿದ್ದವ, ನಲವತ್ತರ ಹತ್ತಿರ ಎರಡೂ ಕಿವಿ ಇಳಿಯಿತು. ನಮ್ಮಲ್ಲಿ ಹಿಮ್ಮೇಳ, ಅಂದರೆ ಹಾಡುವ ಭಾಗವತರು, ವಾದ್ಯದವರು, ಕೂರುವುದು ಬೆನ್ನ ಹಿಂದೆ. ಸಭೆಗೆ ಮುಖ ಮಾಡಿ ನಿಂತವ ಭಾಗವತರ ಬಾಯಿ ನೋಡುವುದು ಎಲ್ಲಿಂದ? ಕುಣಿತಕ್ಕೆ ತೊಂದರೆ ಆಗಲಿಲ್ಲ. ಚೆಂಡೆ ಎದೆಗೇ ಬಡಿಯುತ್ತದೆ, ಬಿಡ್ತಿಗೆಯ ತಾಳದ ಪೆಟ್ಟು ಮೈಗೆ ಗೊತ್ತುಂಟು. ಕೆಲಸ ಕೆಟ್ಟದ್ದು ಅರ್ಥಗಾರಿಕೆಯಲ್ಲಿ, ಅಂದರೆ ಆಗಲೇ ಕಟ್ಟಿ ಆಡುವ ಮಾತಿನಲ್ಲಿ. ಬರೆದಿಟ್ಟ ಮಾತಾದರೆ ಬಾಯಿಪಾಠ ಮಾಡಬಹುದು. ಎದುರಿನ ವೇಷ ಈ ರಾತ್ರಿ ಏನು ಕೇಳುತ್ತದೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಬಭ್ರುವಾಹನ ಮಾಡಿದ ದಿನ ಅರ್ಜುನ ನನ್ನ ತಾಯಿಯನ್ನು ಹಂಗಿಸುತ್ತಿದ್ದಾನೆ, ನಾನು ಕುದುರೆಯ ಬಗ್ಗೆ ಉತ್ತರ ಕೊಡುತ್ತಿದ್ದೇನೆ. ಸಭೆ ನಗಾಡಿತು. 22,000 ಕೊಟ್ಟು ಕಿವಿಗೆ ಮಿಷನ್ ಹಾಕಿಸಿದೆ. ಕಿರೀಟ ಬಿಗಿದ ಕೂಡಲೇ ಒಳಗೆ ಕುಂಯ್ ಅಂತ ಶಿಳ್ಳೆ, ತೆಗೆದಿಟ್ಟರೆ ಕಿವಿ ಇಲ್ಲ. ಈಗ ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಬೇರೆಯವರಿಗೆ ವೇಷ ಕಟ್ಟುತ್ತೇನೆ, ಸಂಬಳ ಅರ್ಧಕ್ಕಿಂತ ಕಮ್ಮಿ. ವರ್ಷಗಟ್ಟಲೆ ಚೆಂಡೆಯ ಪಕ್ಕ ನಿಂತದ್ದೇ ಕಾರಣ ಅಂತ ಡಾಕ್ಟ್ರು ಹೇಳಿದ್ದು. ಅಮ್ಮಾ, ಬ್ಯಾಂಕಿನ ಪರೀಕ್ಷೆ ಬರೆಸಿ.

ತುಮಕೂರು ತಾಯಿ
ಎಲ್ಲರಿಗೂ ಧನ್ಯವಾದ. ರೂಮಿನ ಬಗ್ಗೆ ಯಾರೂ ಹೇಳಲಿಲ್ಲ. ಮಲಗುವಾಗ ಪ್ರೊಸೆಸರ್ ತೆಗೀತಾಳೆ. ಬಾಗಿಲು ಬಡಿದರೂ ಕೇಳಿಸಲ್ಲ, ಒಬ್ಬಳೇ ಹೇಗೆ?

ಲೈಟಿನವನು
ಬೆಲ್ಲಿನ ವೈರಿಗೆ ಒಂದು ರಿಲೇ ಹಾಕಿಸಿ ರೂಮಿನ ಬಲ್ಬಿಗೆ ಜೋಡಿಸಿ. ಎಲೆಕ್ಟ್ರಿಷಿಯನ್ 600 ತಗೊಳ್ತಾನೆ. ಬೆಳಿಗ್ಗೆ ಏಳೋಕೆ ಅದುರುವ ವಾಚು.

ಬರಿಗಾಲು
ಅದುರುವ ವಾಚು ದಿಂಬಿನಡಿ ಇಡಬೇಕು, ಕೈಗೆ ಕಟ್ಟಿದರೆ ನಿದ್ದೆಯಲ್ಲೇ ಬಿಚ್ಚಿ ಎಸೆಯುತ್ತೇವೆ. ಮತ್ತೆ 12,000 ಅಂದರಲ್ಲ, ತಾಲೀಮಿನ ತಿಂಗಳಿಗೂ ಕೊಡುತ್ತಾರಾ, ಪ್ರದರ್ಶನದ ತಿಂಗಳಿಗೆ ಮಾತ್ರವಾ? ಬರಹದಲ್ಲಿ ತಗೊಳ್ಳಿ. ದುಭಾಷಿ ಖರ್ಚು ತಂಡದ್ದು ಅಂತಲೂ ಬರೆಸಿ.

ಕುಂದಾಪ್ರದವ
ಚೌಕಿಮನೆಯವರೇ, ಕಿವಿ ಹೋದದ್ದು ತೆಂಕಿನ ಚೆಂಡೆಯಿಂದ. ಎಲ್ಲ ಚಂಡೆಯ ಮೇಲೆ ಹಾಕಬೇಡಿ. ನಮ್ಮ ಬಡಗು ಶೈಲಿಯ ಯಕ್ಷಗಾನದಲ್ಲಿ ಆ ಅಬ್ಬರ ಇಲ್ಲ.

ಚೌಕಿಮನೆ
ನಿಮ್ಮ ಚಂಡೆಗೆ ಮೈಕ್ ಯಾರು ಇಟ್ಟದ್ದು ಹಾಗಾದರೆ? ಕಳೆದ ವರ್ಷ ನಿಮ್ಮ ಕಡೆಯ ಆಟಕ್ಕೆ ಬಂದಿದ್ದೆ, ಕಿವುಡ ನಾನೇ ಎದ್ದು ಹಿಂದಿನ ಸಾಲಿಗೆ ಹೋಗಬೇಕಾಯಿತು.

ಕುಂದಾಪ್ರದವ
ಅದು ಮೈಕಿನವನ ಕೆಲಸ, ಚಂಡೆಯವನದ್ದಲ್ಲ. ಯಾವ ಊರಿನ ಆಟ ಹೇಳಿ ನೋಡುವ.